ಕತ್ತಿ ಅದ್ದದೆ ಸಹಿ ಇಲ್ಲ

ಮದ್ದು ಹೊಡೆಯುವ ಕಾಲದಲ್ಲಿ ಕೆಂಚಿಯ ಕೈ ನೋಡಿದವರು, "ಇದೇನಮ್ಮ, ಉಗುರಿಗೆ ನೀಲಿ ಬಣ್ಣ ಹಚ್ಕಂಡಿದೀಯ?" ಎಂದು ಕೇಳುತ್ತಾರೆ. ಬಣ್ಣವಲ್ಲ, ಅದು ಮೈಲುತುತ್ತ, ತಾಮ್ರದ ನೀಲಿ ಉಪ್ಪು. ಮಾದಾಪುರದಿಂದ ಮೇಲಕ್ಕೆ ಹೋದರೆ ಸಿಗುವ ಕಾಫಿ ಎಸ್ಟೇಟೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಬೋರ್ಡೋ ಮದ್ದು ಕಲಸುತ್ತಿದ್ದಾಳೆ. ಮಳೆ ಹಿಡಿಯುವ ಮುಂಚೆ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಕೊಳೆರೋಗ ಬಾರದಿರಲಿ ಎಂದು ಹೊಡೆಯುವ ಮದ್ದು ಅದು. ಹೊಡೆಯುವವರು ಹತ್ತಾರು ಜನ ಇದ್ದಾರೆ, ಕಲಸುವವಳು ಅವಳೊಬ್ಬಳೇ.

ನಾನು ರುದ್ರಮ್ಮ. ಶನಿವಾರಸಂತೆ ಕಡೆಯವಳು. ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಕಾಲೇಜಿನ ಹೆಸರು ಹೇಳುವುದಿಲ್ಲ, ಅದರ ಅನ್ನ ಇನ್ನೂ ತಿನ್ನುತ್ತಿದ್ದೇನೆ. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಹೋದ ಜನವರಿಯಲ್ಲಿ ನನ್ನ ಬಾಯಿ ಕಟ್ಟಿಹೋದ ಹೊತ್ತಿನಲ್ಲಿ ಬಾಯಿ ತೆರೆದವಳು ಈ ಕೆಂಚಿ. ಆ ಕತೆ ಹೇಳದೆ ಇದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಮೊದಲು ಅವಳ ಕೆಲಸ ತಿಳಿಯಬೇಕು. ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಐವತ್ತು ಲೀಟರ್ ನೀರು ತುಂಬಿ ಒಂದು ಕಿಲೋ ಮೈಲುತುತ್ತ ಕರಗಿಸುತ್ತಾಳೆ. ಕಬ್ಬಿಣದ ಡ್ರಮ್ ಆಗುವುದಿಲ್ಲ, ತುತ್ತ ಅದನ್ನು ತಿಂದು ತೂತು ಮಾಡುತ್ತದೆ. ಇನ್ನೊಂದು ಡ್ರಮ್ಮಿನ ಐವತ್ತು ಲೀಟರಿಗೆ ಸುಟ್ಟ ಸುಣ್ಣದ ಕಲ್ಲು ಹಾಕುತ್ತಾಳೆ. ಅದು ಬುಸುಗುಟ್ಟಿ ಕುದಿಯುತ್ತದೆ. ಅವಳ ಎಡಗೈ ಮೇಲೆ ಅದರ ಸುಟ್ಟ ಕಲೆ ಇದೆ. ಸುಣ್ಣ ತಣ್ಣಗಾದ ಮೇಲೆ ಎರಡನ್ನೂ ಮೂರನೆಯ ದೊಡ್ಡ ಡ್ರಮ್ಮಿಗೆ ಒಟ್ಟೊಟ್ಟಿಗೆ ಸುರಿದು ಕಲಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ. ಎಸ್ಟೇಟಿನಲ್ಲಿ ಇದಕ್ಕೆ ಒಂದು ಪರ್ಸೆಂಟ್ ಮದ್ದು ಎನ್ನುತ್ತಾರೆ.

ಇಷ್ಟಾದ ಮೇಲೆ ಕತ್ತಿ. ಬೂದಿ ಹಾಕಿ ಬೆಳಗಿದ ಕಬ್ಬಿಣದ ಕತ್ತಿಯ ಬಾಯಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು ಎತ್ತಿ ನೋಡಬೇಕು. ಬೆಳ್ಳಗೇ ಇದ್ದರೆ ಮದ್ದು ಸರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಆ ಮದ್ದು ಹೊಡೆದರೆ ಎಳೆ ಎಲೆ ಸುಟ್ಟುಹೋಗುತ್ತದೆ. ಕೆಂಚಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಸಹಿ ಮಾತ್ರ ಹಾಕುತ್ತಾಳೆ. ಮದ್ದಿನ ಶೆಡ್ಡಿನ ಪುಸ್ತಕದಲ್ಲಿ ಡ್ರಮ್ಮಿಗೊಂದು ಸಹಿ ಹಾಕಬೇಕು. ಕತ್ತಿ ಅದ್ದದೆ ಅವಳು ಸಹಿ ಹಾಕಿದ್ದು ಇಲ್ಲವೇ ಇಲ್ಲ.

ಒಂದು ಮೇ ತಿಂಗಳಲ್ಲಿ ಮೋಡ ಕಟ್ಟಿತ್ತಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುನಿಲ್‌ಗೆ ಅವಸರ. "ಕತ್ತಿಗಿತ್ತಿ ಎಲ್ಲ ಬಿಡು ಕೆಂಚಿ, ಡ್ರಮ್ ಎತ್ತಿಸು, ಮಳೆ ಬತ್ತದೆ" ಅಂದರಂತೆ. ಇವಳು ಹೋಗಿ ಡ್ರಮ್ಮಿನ ಮುಚ್ಚಳದ ಮೇಲೆ ಕೂತುಬಿಟ್ಟಳು.

"ಎಲೆ ಸುಟ್ರೆ ಯಾರ್ ಹೆಸ್ರು ಹೇಳ್ತೀರಿ ಸಾರ್? ಕೆಂಚಿ ಕಲಸಿದ್ದು ಅಂತೀರಿ. ನನ್ ಹೆಸ್ರು ಹೇಳೋದಾದ್ರೆ ನನ್ ಕತ್ತಿನೂ ಮಾತಾಡ್ಲಿ."

ಅದ್ದಿದರು, ಕತ್ತಿ ಕೆಂಪಾಯಿತು. ಸುಣ್ಣ ಹಳೆಯದಾಗಿ ಸತ್ತುಹೋಗಿತ್ತು. ಅಲ್ಲಿಂದ ಮುಂದೆ ಸುನಿಲ್ ಕತ್ತಿ ಏಳುವ ತನಕ ಕೈಕಟ್ಟಿ ಕಾಯುತ್ತಾರೆ.

ಈ ಕೆಂಚಿಯ ಮಗಳು ಶೋಭಿತಾ ಆಗ ನಮ್ಮ ಕಾಲೇಜಿನಲ್ಲಿ ಎರಡನೇ ಪಿಯು ಸೈನ್ಸ್. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಸೈನ್ಸಿಗೆ ಬಂದವಳು ಅವಳೊಬ್ಬಳೇ. ನರ್ಸಿಂಗ್ ಓದಬೇಕು ಎನ್ನುವುದು ಅವಳ ಆಸೆ. ಮಾತು ಕಡಿಮೆ, ಅಕ್ಷರ ಕೋಳಿ ಕೆರೆದ ಹಾಗೆ. ಲ್ಯಾಬಿನಲ್ಲಿ ಮಾತ್ರ ಅವಳ ಕೈ ನೋಡಬೇಕು, ಒಂದು ತೊಟ್ಟು ಹೆಚ್ಚು ಬೀಳುವುದಿಲ್ಲ. ರಜೆಯಲ್ಲಿ ಅವ್ವನ ಜೊತೆ ಮದ್ದಿನ ಶೆಡ್ಡಿನಲ್ಲಿ ಕೆಲಸ. ಪುಸ್ತಕವನ್ನು ಗೂಟಕ್ಕೆ ತಗುಲಿಸಿ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದಳು, ಅವ್ವ ಕೋಲಾಡಿಸುತ್ತಾ ಕೇಳುತ್ತಿದ್ದಳು. ಕೈಯೆಲ್ಲಾ ಸುಣ್ಣ, ತುತ್ತ. ಪೆನ್ನು ಹಿಡಿಯುವ ಹಾಗಿಲ್ಲ. ಆದ್ದರಿಂದ ಬರೆಯುವ ಲೆಕ್ಕವೆಲ್ಲ ಬಾಯಿಲೆಕ್ಕವಾಯಿತು. "ಮೋಲು ಗೀಲು ಆಮೇಲೆ, ಮೊದ್ಲು ನಮ್ ಡ್ರಮ್ಮಿನ್ ಲೆಕ್ಕಕ್ಕೆ ತಂದು ಹೇಳು" ಎನ್ನುತ್ತಿದ್ದಳಂತೆ ಕೆಂಚಿ.

ಹೀಗೆ ಕಲಿತ ಹುಡುಗಿ ಪರೀಕ್ಷೆಯಲ್ಲಿ ಪ್ರಶ್ನೆಯ ಪಕ್ಕ ಉತ್ತರವನ್ನಷ್ಟೇ ಬರೆದು ಬರುತ್ತಿದ್ದಳು. ನಡುವಿನ ಹಂತ ಒಂದೂ ಇಲ್ಲ. ಮಾರ್ಕು ಕಳೆದುಕೊಳ್ಳುತ್ತಿದ್ದಳು. "ಹಂತ ಬರಿಯೇ ಹುಡುಗಿ" ಎಂದು ನಾನು ಬೈದರೆ, "ಬರಿಯೋ ಹೊತ್ತಿಗೆ ಉತ್ರ ಬಂದಿರ್ತದೆ ರುದ್ರಕ್ಕ" ಎನ್ನುವಳು. ಹಟಮಾರಿ! ಅವ್ವನ ರಕ್ತ ಇನ್ನೆಲ್ಲಿಗೆ ಹೋಗುತ್ತದೆ?

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡೂ ವರ್ಷದ ಪಾಠ ಸೇರಿಸಿ ಮೂರು ದೊಡ್ಡ ಲೆಕ್ಕ ಕೊಟ್ಟಿದ್ದರು. ಮೊದಲನೆಯದು ಯೂರಿಯಾ ದ್ರಾವಣದ್ದು. ಎರಡನೆಯದು ಕಬ್ಬಿಣ ಮತ್ತು ತಾಮ್ರದ ವಿದ್ಯುತ್ ಕೋಶದ ವೋಲ್ಟೇಜ್. ಮೂರನೆಯದು ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದರೆ ಎಷ್ಟು ಬಿಸಿ ಏರುತ್ತದೆ ಎನ್ನುವುದು. ಶೋಭಿತಾ ಎರಡನೆಯದಕ್ಕೆ 0.78 ಎಂದೂ ಮೂರನೆಯದಕ್ಕೆ 15.5 ಎಂದೂ ಬರೆದಿದ್ದಳು. ಅವಳ ಮುಂದಿನ ಬೆಂಚಿನಲ್ಲಿ ಕೂತಿದ್ದ ಕೀರ್ತಿಕುಮಾರ್, ಕಾಲೇಜಿಗೇ ಫಸ್ಟ್ ಬರುವ ಹುಡುಗ, ಅವನೂ ಅದನ್ನೇ ಬರೆದಿದ್ದ. ಕೆಮಿಸ್ಟ್ರಿ ಲೆಕ್ಚರರ್ ಪ್ರಜ್ಞೇಶ್ ಸಾರ್ ಆ ವರ್ಷ ತಾನೇ ಮಂಗಳೂರು ಕಡೆಯಿಂದ ಬಂದಿದ್ದ ಹೊಸಬರು. ಅವರು ಶೋಭಿತಾಳ ಪೇಪರಿನ ಮೇಲೆ ಉದ್ದಕ್ಕೆ ಕೆಂಪು ಗೀಟು ಎಳೆದು ದೊಡ್ಡ ಸೊನ್ನೆ ಹಾಕಿದರು. ಕ್ಲಾಸಿನಲ್ಲಿ ಎಲ್ಲರ ಎದುರು ಎತ್ತಿ ತೋರಿಸಿದರು. "ಕದ್ದು ಬರೆಯುವವರಿಗೆ ಇಷ್ಟೇ ಉಂಟು" ಅಂದರು.

ಅವಳು ಅಳಲಿಲ್ಲ. "ನಾನು ನೋಡಿ ಬರ್ದಿಲ್ಲ ಸಾರ್" ಅಂದಳು. "ಹಾಗಾದರೆ ಹಂತ ಎಲ್ಲಿ?" ಅಂದರೆ, "ತಲೇಲಿ" ಅಂದಳು. ಇಡೀ ಕ್ಲಾಸು ನಕ್ಕಿತು. ಅದೇ ಅವಳಿಗೆ ಮುಳುವಾಯಿತು.

ಮರುದಿನ ಒಂದು ಮುಚ್ಚಳಿಕೆ ಪತ್ರ ಟೈಪಾಯಿತು. "ನನ್ನ ಮಗಳು ಪರೀಕ್ಷೆಯಲ್ಲಿ ನಕಲು ಮಾಡಿರುವುದು ನಿಜ. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ." ಕೆಳಗೆ ಪೋಷಕರ ಸಹಿ. ಸಹಿ ಬಾರದಿದ್ದರೆ ವಾರ್ಷಿಕ ಪರೀಕ್ಷೆಗೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದರು. ಹಾಲ್ ಟಿಕೆಟ್ ಇಲ್ಲದಿದ್ದರೆ ವರ್ಷ ಹೋಯಿತು, ನರ್ಸಿಂಗೂ ಹೋಯಿತು. ಲೈನ್ ಮನೆಯ ಹುಡುಗಿಗೆ ಒಂದು ವರ್ಷ ಹೋದರೆ ಮದುವೆ ಮಾಡಿ ಕಳಿಸುತ್ತಾರೆಯೇ ಹೊರತು ಇನ್ನೊಂದು ವರ್ಷ ಯಾರೂ ಕೊಡುವುದಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಹುಡುಗಿ ಲ್ಯಾಬಿಗೆ ಬಂದು ಸಿಂಕಿನ ಪಕ್ಕ ನಿಂತಾಗ, "ಸುಮ್ನೆ ಅವ್ವನ ಕೈಲಿ ಸಹಿ ಹಾಕಿಸ್ಕಂಡು ಬಾ. ಒಂದು ಕಾಗದ ತಾನೆ? ಹಾವೂ ಸಾಯಬೇಕು, ಕೋಲೂ ಮುರೀಬಾರ್ದು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ನೀವೂನಾ ರುದ್ರಕ್ಕ?" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಕೆಲಸದ ಭಯ ನನಗೆ. ದೊಡ್ಡ ಬಾಯಿಯವಳು ಅಂತ ಹೆಸರು, ಬೇಕಾದಾಗ ಬಾಯಿಗೆ ಬೀಗ. ಥೂ!

ಎರಡನೇ ದಿನ ಕೆಂಚಿ ಬಂದಳು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿ ನಡೆಯುತ್ತಿದ್ದ ಕಾಲ. ಅಂಥದರಲ್ಲಿ ಕೆಲಸ ಬಿಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ಪ್ರಿನ್ಸಿಪಾಲ್ ಪರಮೇಶಪ್ಪನವರು ಪತ್ರವನ್ನು ಮುಂದಕ್ಕೆ ತಳ್ಳಿ ಪೆನ್ನು ಕೊಟ್ಟರು. ಅವರು ಕೆಟ್ಟವರಲ್ಲ. ಗಲಾಟೆ ಎಂದರೆ ಆಗದವರು, ಅಷ್ಟೆ. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲಿದ್ದೆ.

"ಇಲ್ಲಿ ಒಂದು ಸೈನ್ ಹಾಕ್ಬಿಡಮ್ಮ. ಇವತ್ತೇ ಹಾಲ್ ಟಿಕೆಟ್ ಕೊಡ್ತೀವಿ. ಸಣ್ಣ ವಿಷಯ, ಇಲ್ಲಿಗೇ ಮುಗೀತದೆ."

ಕೆಂಚಿ ಮಗಳ ಕೈಗೆ ಪತ್ರ ಕೊಟ್ಟು ಓದಿಸಿದಳು. ಎರಡು ಸಲ ಓದಿಸಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಸಣ್ಣ ವಿಷ್ಯ ಅಂತೀರಲ್ಲ ಸಾರ್. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಾಕಿಲ್ಲ. ಇವ್ಳು ಕದ್ದಿರೋದನ್ನ ಯಾರ್ ನೋಡಿದ್ದು?"

ಪ್ರಜ್ಞೇಶ್ ಸಾರ್ ಅಲ್ಲೇ ಕೂತಿದ್ದರು. "ನೋಡಬೇಕು ಅಂತ ಇಲ್ಲ. ಹಂತ ಇಲ್ಲದೆ ಉತ್ತರ ಬರೋದು ಹೇಗೆ ಮಾರಾಯ್ರೆ? ಉತ್ತರ ಎರಡೂ ಮುಂದಿನವನದ್ದೇ."

"ಸರಿ ಉತ್ರ ಒಂದೇ ತಾನೆ ಇರೋದು? ಇಬ್ರು ಸರಿ ಮಾಡಿದ್ರೆ ಇಬ್ರದ್ದೂ ಒಂದೇ ಬತ್ತದೆ."

ಪ್ರಿನ್ಸಿಪಾಲರು, "ವಾದ ಬೇಡಮ್ಮ, ಸೈನ್..." ಎನ್ನುವಷ್ಟರಲ್ಲಿ ಕೆಂಚಿ ಕುರ್ಚಿಯಲ್ಲಿ ಸರಿಯಾಗಿ ಹಿಂದಕ್ಕೆ ಸರಿದು ಕೂತಳು. ಡ್ರಮ್ಮಿನ ಮೇಲೆ ಕೂತದ್ದು ಹೀಗೇ ಇರಬೇಕು ಅಂದುಕೊಂಡೆ.

"ನಾನು ಮದ್ದು ಕಲಸೋಳು ಸಾರ್. ಕತ್ತಿ ಅದ್ದಿ ನೋಡ್ದೆ ಸಹಿ ಹಾಕಾಕಿಲ್ಲ. ನೀವು ನನ್ ಮಗಳನ್ನ ಕೆಟ್ಟ ಮದ್ದು ಅಂತ ಚೆಲ್ಲಿಬಿಟ್ರಿ. ಕತ್ತಿ ಅದ್ದಿದ್ರಾ? ಅದೇ ಮೂರು ಲೆಕ್ಕನ ಅವ್ಳ ಕೈಲಿ ಬೋರ್ಡ್ ಮೇಲೆ ಮಾಡ್ಸಿ. ಕೆಂಪು ಬಂದ್ರೆ ನಾನೇ ಸಹಿ ಹಾಕ್ತೀನಿ, ಬೇಕಾದ್ರೆ ಹೆಬ್ಬೆಟ್ಟೂ ಒತ್ತೀನಿ. ಕೆಂಪು ಬರ್ಲಿಲ್ಲ ಅಂದ್ರೆ ಮುಂದಿನ್ ಮಾತು ನಂದು."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. ಆಗ ನನ್ನ ಬೀಗವೂ ಕಳಚಿತು. "ಲ್ಯಾಬಿನಲ್ಲಿ ಬೋರ್ಡ್ ಖಾಲಿ ಇದೆ ಸಾರ್, ಪೇಪರ್ ಕಟ್ಟೂ ಅಲ್ಲೇ ಇದೆ, ಬನ್ನಿ" ಅಂದೆ. ಲೋಟದ ನೀರು ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತ್ತು.

ಲ್ಯಾಬಿಗೆ ಬಂದೆವು. ಶೋಭಿತಾ ಸೀಮೆಸುಣ್ಣ ಹಿಡಿದು ನಿಂತಳು. ಕೆಂಚಿ ಸ್ಟೂಲಿನ ಮೇಲೆ ಕೂತು, "ಬರಿಯೋಕ್ ಹೋಗ್ಬ್ಯಾಡ. ಶೆಡ್ಡಲ್ಲಿ ಹೇಳೋ ಹಂಗೆ ಗಟ್ಟಿಯಾಗಿ ಹೇಳ್ಕಂಡು ಮಾಡು" ಅಂದಳು.

ಮೊದಲು ಕೋಶದ ಲೆಕ್ಕ. ಹುಡುಗಿ ನನ್ನ ರ‍್ಯಾಕಿನಿಂದ ಕಬ್ಬಿಣದ ಮೊಳೆಯೊಂದನ್ನು ತೆಗೆದು, ಉಜ್ಜಿ, ಮೈಲುತುತ್ತದ ನೀಲಿ ನೀರಿನ ಲೋಟದಲ್ಲಿ ಅದ್ದಿದಳು. ಎತ್ತಿದಾಗ ಮೊಳೆ ಕೆಂಪು. "ಕಬ್ಬಿಣ ಕರಗ್ತದೆ, ತಾಮ್ರ ಬಂದು ಕೂರ್ತದೆ. ಅಂದ್ರೆ ಕಬ್ಬಿಣ ಆನೋಡು, ತಾಮ್ರ ಕ್ಯಾಥೋಡು. ಪ್ರಶ್ನೇಲಿ ಕಬ್ಬಿಣಕ್ಕೆ ಮೈನಸ್ 0.44, ತಾಮ್ರಕ್ಕೆ ಪ್ಲಸ್ 0.34 ಕೊಟ್ಟಿದಾರೆ. ಬಾವಿ ಒಳಗೆ ನಲವತ್ನಾಲ್ಕು, ಕಟ್ಟೆ ಮೇಲೆ ಮೂವತ್ನಾಲ್ಕು. ಹಗ್ಗ ಎಷ್ಟುದ್ದ ಬೇಕು? ಎಪ್ಪತ್ತೆಂಟು. 0.78 ವೋಲ್ಟ್."

ಪ್ರಜ್ಞೇಶ್ ಸಾರ್ ಮೊಳೆಯನ್ನು ತೆಗೆದುಕೊಂಡು ಒಮ್ಮೆ ತಿರುಗಿಸಿ ನೋಡಿದರು.

ಮುಂದೆ ಸುಣ್ಣದ ಲೆಕ್ಕ. ಇಪ್ಪತ್ತೆಂಟು ಗ್ರಾಂ ಸುಟ್ಟ ಸುಣ್ಣ, ಐನೂರು ಗ್ರಾಂ ನೀರು. ಹುಡುಗಿಯ ದನಿ ಈಗ ಗಟ್ಟಿಯಾಗಿತ್ತು. "ಒಂದು ಮೋಲ್ ಅಂದ್ರೆ ಐವತ್ತಾರು ಗ್ರಾಂ, ಇದು ಅರ್ಧ. ಒಂದು ಮೋಲಿಗೆ ಅರವತ್ತೈದು ಸಾವಿರ ಜೌಲ್ ಅಂದ್ರೆ ಇದಕ್ಕೆ ಮೂವತ್ತೆರಡೂವರೆ ಸಾವಿರ. ಐನೂರು ಗ್ರಾಂ ನೀರು ಒಂದು ಡಿಗ್ರಿ ಏರೋಕೆ ಎರಡು ಸಾವಿರದ ತೊಂಬತ್ತು. ಹದಿನೈದು ಸಲ ಕೊಟ್ರೆ ಮೂವತ್ತೊಂದು ಸಾವಿರದ ಮುನ್ನೂರೈವತ್ತು ಹೋಯ್ತು. ಸಾವಿರದ ನೂರೈವತ್ತು ಉಳೀತು, ಅದು ಅರ್ಧ ಡಿಗ್ರಿಗೆ ಸ್ವಲ್ಪ ಜಾಸ್ತಿ. ಹತ್ತಿರದ ಅರ್ಧ ಡಿಗ್ರಿಗೆ ಹೇಳಿ ಅಂತ ಪ್ರಶ್ನೇಲಿದೆ, ಹದಿನೈದೂವರೆ."

"ಡ್ರಮ್ಮೂ ಬಿಸಿಯಾಗ್ತದಲ್ಲೇ, ಅದರ ಲೆಕ್ಕ ಯಾರು ಇಡ್ತಾರೆ?" ಕೆಂಚಿ ತನ್ನ ಸುಟ್ಟ ಕಲೆಯನ್ನು ಸವರುತ್ತಾ ಕೇಳಿದಳು.

ಪ್ರಜ್ಞೇಶ್ ಸಾರ್ ತಟ್ಟನೆ ಅವಳ ಕಡೆ ತಿರುಗಿದರು. "ಪಾತ್ರೆಯ ಶಾಖ ಬಿಟ್ಟುಬಿಡಿ ಅಂತ ಪ್ರಶ್ನೆಯಲ್ಲಿ ಉಂಟು... ನಿಮಗೆ ಅದು ಹೇಗೆ ಗೊತ್ತು?"

"ಕೈ ಇಟ್ಟು ನೋಡಿದೀನಿ ಸಾರ್."

ಉಳಿದದ್ದು ಮೊದಲನೆಯ ಲೆಕ್ಕ. ತೂಕದಲ್ಲಿ ಹತ್ತು ಪರ್ಸೆಂಟ್ ಯೂರಿಯಾ ದ್ರಾವಣ. ಒಂದು ಕಿಲೋ ನೀರಿಗೆ ಎಷ್ಟು ಮೋಲ್ ಯೂರಿಯಾ? ಹುಡುಗಿ ತಡಮಾಡಲಿಲ್ಲ. "ನೂರು ನೀರಿಗೆ ಹತ್ತು ಅಂದ್ರೆ ಒಂದು ಕಿಲೋಗೆ ನೂರು ಗ್ರಾಂ. ಯೂರಿಯಾದ ಒಂದು ಮೋಲ್ ಅರವತ್ತು ಗ್ರಾಂ. ನೂರನ್ನ ಅರವತ್ತರಲ್ಲಿ ಭಾಗಿಸಿದ್ರೆ 1.67."

"ತಪ್ಪು!" ಪ್ರಜ್ಞೇಶ್ ಸಾರ್ ಎದ್ದೇ ನಿಂತರು. ಮುಖ ಅರಳಿತ್ತು. "1.85 ಬರಬೇಕು. ನೋಡಿ ಸಾರ್, ಸುಲಭದ ಲೆಕ್ಕವೇ ಬರುವುದಿಲ್ಲ ಇವಳಿಗೆ!"

ಪ್ರಿನ್ಸಿಪಾಲರು ಕೈಯಲ್ಲಿದ್ದ ಪತ್ರವನ್ನು ಮತ್ತೆ ಬಿಡಿಸಿದರು. ಶೋಭಿತಾ ಬೋರ್ಡನ್ನೇ ನೋಡುತ್ತಾ ನಿಂತಿದ್ದಳು. ಕೆಂಚಿ ಮಾತ್ರ ಅಲುಗಲಿಲ್ಲ.

"ಎಲ್ಲಿ ತಪ್ಪು, ಹೇಳಿ ಸಾರ್."

"ತೂಕದಲ್ಲಿ ಹತ್ತು ಪರ್ಸೆಂಟ್ ಅಂದರೆ ಯೂರಿಯಾ, ನೀರು ಎರಡೂ ಸೇರಿ ನೂರು. ಯೂರಿಯಾ ಹತ್ತು, ನೀರು ತೊಂಬತ್ತೇ. ಇವಳು ನೂರು ತಗೊಂಡಿದ್ದಾಳೆ."

"ಯಾವ ಊರಲ್ಲಿ ಸಾರ್ ತೊಂಬತ್ತು? ನಾವು ಡ್ರಮ್ಮಿಗೆ ಪೂರಾ ನೂರು ಲೀಟರ್ ತುಂಬಿದ್ ಮೇಲೇನೇ ಕಿಲೋ ಹಾಕೋದು. ಅದನ್ನೇ ಒಂದು ಪರ್ಸೆಂಟ್ ಅನ್ನೋದು. ನಮ್ ಎಸ್ಟೇಟಲ್ಲಿ ಯಾರನ್ ಬೇಕಾದ್ರೂ ಕೇಳಿ."

"ಅದು ಎಸ್ಟೇಟಿನ ಲೆಕ್ಕ. ಪುಸ್ತಕದ್ದು ಬೇರೆ."

"ಸರಿ, ಪುಸ್ತಕದ್ದು ಬೇರೆ, ಒಪ್ಕಂಡೆ. ತಪ್ಪು ಅಂದ್ರೆ ತಪ್ಪು." ಕೆಂಚಿ ಎದ್ದಳು. "ಹಂಗಾದ್ರೆ ಪರೀಕ್ಷೆ ಪೇಪರಲ್ಲಿ ಈ ಲೆಕ್ಕಕ್ಕೆ ಏನ್ ಬರ್ದಿದಾಳೆ, ನೋಡಿ."

ಪ್ರಜ್ಞೇಶ್ ಸಾರ್ ನೋಡಲಿಲ್ಲ. ನಾನು ಕಟ್ಟು ಬಿಚ್ಚಿ ಶೋಭಿತಾಳ ಪೇಪರು ತೆಗೆದೆ. ಕೆಂಪು ಗೀಟಿನ ಅಡಿಯಲ್ಲಿ, ಆ ಕೋಳಿ ಕೆರೆದ ಅಕ್ಷರದಲ್ಲಿ 1.67 ಇತ್ತು. ಎರಡು ಉತ್ತರ ಹೊಂದಿದ್ದು ನೋಡಿದ್ದೇ ಮೇಲಿನಿಂದ ಕೆಳಕ್ಕೆ ಒಂದೇ ಗೀಟು ಎಳೆದವರು ಇದನ್ನು ಓದಿಯೇ ಇರಲಿಲ್ಲ.

"ಮುಂದಿನ್ ಬೆಂಚಿನ ಹುಡ್ಗನ ಪೇಪರು ತೆಗಿ ರುದ್ರಕ್ಕ" ಅಂದಳು ಕೆಂಚಿ. ತೆಗೆದೆ. 1.85. ಎದುರಿಗೇ ಇದ್ದ ಸರಿ ಉತ್ತರ! ಹಿಂದಿನ ಬೆಂಚಿನದು, ಪಕ್ಕದ ಸಾಲಿನದು, ಒಂದೊಂದನ್ನೇ ಮೇಜಿನ ಮೇಲೆ ಹರಡುತ್ತಾ ಹೋದೆ. ಸರಿ ಮಾಡಿದವರಿದ್ದರು, ಬಾಯಿಗೆ ಬಂದದ್ದು ಬರೆದವರಿದ್ದರು, ಖಾಲಿ ಬಿಟ್ಟವರಿದ್ದರು. ಕಟ್ಟು ಪೂರ್ತಿ ಮುಗಿಯಿತು. 1.67 ಎಂದು ಬರೆದವರು ಇನ್ನೊಬ್ಬರಿಲ್ಲ.

"ಕದಿಯೋಳಾಗಿದ್ರೆ ಮುಂದೇನೇ ಇದ್ದ ಸರಿ ಉತ್ರ ಬಿಡ್ತಿದ್ಳಾ? ಇದನ್ನ ಯಾರತ್ರ ಕದ್ಳು ಸಾರ್? ಹೇಳಿ." ಕೆಂಚಿಯ ದನಿ ಏರಿರಲಿಲ್ಲ. "ನಿಮ್ ಕ್ಲಾಸಲ್ಲಿ ಯಾರೂ ಮಾಡ್ದೇ ಇರೋ ತಪ್ಪು ಇದು. ಡ್ರಮ್ಮಿನ್ ಪಕ್ಕ ಬೆಳ್ದವರು ಮಾತ್ರ ಮಾಡೋ ತಪ್ಪು. ನನ್ನತ್ರ ಕಲ್ತಿದ್ದು. ಕದ್ದಿದ್ದಲ್ಲ."

ನನಗೆ ಕಣ್ಣು ತುಂಬಿ ಬಂತು. ಅಳುವುದನ್ನು ಯಾರೂ ನೋಡಬಾರದು ಎಂದು ಸಿಂಕಿನ ನಲ್ಲಿ ತಿರುಗಿಸಿದೆ. ಅದರಲ್ಲಿ ನೀರು ಬರಲಿಲ್ಲ, ಎಲ್ಲರೂ ನೋಡಿದರು.

ಪ್ರಜ್ಞೇಶ್ ಸಾರ್ ಕೂತುಬಿಟ್ಟರು. ಅವರಿಗೂ ನ್ಯಾಯ ಹೇಳಬೇಕು, ಸೋತೆ ಎಂದು ಗೊತ್ತಾದ ಮೇಲೆ ಅವರು ಎಳೆದಾಡಲಿಲ್ಲ. "ನಂದೇ ತಪ್ಪು. ನಾನು ಓದಬೇಕಿತ್ತು" ಅಂದರು.

"ಇಲ್ಲಿ ಹೇಳ್ಬ್ಯಾಡಿ ಸಾರ್. ಕ್ಲಾಸಲ್ಲಿ ಅಂದಿದ್ದನ್ನ ಕ್ಲಾಸಲ್ಲೇ ವಾಪಸ್ ತಗಳಿ. ನಾಳೆ ನಾನು ಪಿಕಿಂಗಿಗೆ ಹೋಗ್ಬೇಕು, ಇವ್ಳು ಬಂದು ನಂಗೆ ಹೇಳ್ತಾಳೆ."

ಅವರು ತಲೆಯಾಡಿಸಿದರು. ಮರುದಿನ ಹೇಳಿದರು ಕೂಡ, ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆಮೇಲೆ ಶೋಭಿತಾ ಹಂತ ಬರೆಯತೊಡಗಿದಳು. ಅದನ್ನು ಕಲಿಸಿದವರೂ ಅವರೇ.

ಪ್ರಿನ್ಸಿಪಾಲರು ಮುಚ್ಚಳಿಕೆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಹಾಲ್ ಟಿಕೆಟ್ ತರಲು ತಾವೇ ಆಫೀಸಿಗೆ ಹೋದರು. ಪ್ರಜ್ಞೇಶ್ ಸಾರ್ ಕೆಂಪು ಪೆನ್ನು ತೆಗೆದು ಸೊನ್ನೆಯನ್ನು ಹೊಡೆದುಹಾಕಿದರು. ಎರಡನೆಯದಕ್ಕೆ ಸರಿ, ಮೂರನೆಯದಕ್ಕೆ ಸರಿ. ಮೊದಲನೆಯದರ ಹತ್ತಿರ ಪೆನ್ನು ನಿಂತಿತು.

"ದಾರಿ ಸರಿ ಉಂಟು, ನೀರಿನ ತೂಕ ಒಂದೇ ತಪ್ಪಿದ್ದು. ಒಂದು ಮಾರ್ಕ್ ಕೊಡ್ತೇನೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಬ್ಯಾಡ ಸಾರ್" ಅಂದಳು ಕೆಂಚಿ. "ತಪ್ಪಿಗೆ ತಪ್ಪೇ ಹಾಕಿ. ನನ್ ಮಗಳು ಕಳ್ಳಿ ಅಲ್ಲ ಅಂತ ಹೇಳಿದ್ದು ಅದೊಂದೇ. ಅದನ್ನ ಅಳಿಸ್ಬ್ಯಾಡಿ."

ಅವರು ಅವಳ ಮುಖ ನೋಡಿ, 1.67ರ ಮುಂದೆ ತಪ್ಪು ಗುರುತು ಹಾಕಿದರು. ಕೆಂಚಿ ಬಗ್ಗಿ ನೋಡಿದಳು. ಗುರುತು ಸರಿಯಾಗಿ ಬಿದ್ದಿದೆ ಎಂದು ಖಾತ್ರಿಯಾದ ಮೇಲೆ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಆ ತಪ್ಪಿನ ಪಕ್ಕದಲ್ಲೇ ನಿಧಾನವಾಗಿ ತನ್ನ ಸಹಿ ಹಾಕಿದಳು.